ಇಲ್ವರ್‌ಮೋರ್ನಿಯ ಕಥೆ ಕನ್ನಡದಲ್ಲಿ: ಅಮೆರಿಕದ ಮಾಂತ್ರಿಕ ಜಗತ್ತಿನ ಫ್ಯಾನ್ ಫಿಕ್ಷನ್ (ಅಭಿಮಾನಿ ಕಥೆ) ಬರೆಯಲು ಸಮಗ್ರ ಮಾರ್ಗದರ್ಶಿ

ಹ್ಯಾರಿ ಪಾಟರ್ ಜಗತ್ತಿನ ಬ್ರಿಟಿಷ್ ಭಾಗವನ್ನು ಏಳು ಕಾದಂಬರಿಗಳು ಮೂಲೆಮೂಲೆಗೂ ತುಂಬಿಬಿಟ್ಟಿವೆ. ಅಲ್ಲಿ ಹೊಸದೊಂದು ಬಾಗಿಲು ಇಡಬೇಕೆಂದರೂ ಓದುಗರು ಅಳತೆಪಟ್ಟಿ ಹಿಡಿದು ಬರುತ್ತಾರೆ. ಅಮೆರಿಕದ ಕಡೆ, ಅಂದರೆ ಅಲ್ಲಿನ ಮಾಂತ್ರಿಕ ಶಾಲೆ ಇಲ್ವರ್‌ಮೋರ್ನಿಯ ಕಡೆ, ಹಾಗಲ್ಲ. 2016ರಲ್ಲಿ ಮೂಲ ಲೇಖಕಿ ಜೆ. ಕೆ. ರೋಲಿಂಗ್ ಪ್ರಕಟಿಸಿದ ಒಂದಿಷ್ಟು ಕಿರುಬರಹಗಳು, ಅದೇ ವರ್ಷ ತೆರೆಕಂಡ, 1926ರ ನ್ಯೂಯಾರ್ಕ್‌ನಲ್ಲಿ ನಡೆಯುವ ‘ಫೆಂಟಾಸ್ಟಿಕ್ ಬೀಸ್ಟ್ಸ್’ ಎಂಬ ಒಂದು ಚಿತ್ರ: ಹೆಚ್ಚುಕಡಿಮೆ ಇಷ್ಟೇ ಬಂಡವಾಳ. ಉಳಿದದ್ದು ಖಾಲಿ ನಿವೇಶನ.

ಖಾಲಿ ನಿವೇಶನ ಸಿಕ್ಕಾಗ ಬಹಳ ಮಂದಿ ಮಾಡುವ ತಪ್ಪು ಒಂದೇ. ಹ್ಯಾರಿ ಓದಿದ ಶಾಲೆ ಹಾಗ್ವರ್ಟ್ಸನ್ನು ಕಿತ್ತು ತಂದು ಮ್ಯಾಸಚೂಸೆಟ್ಸ್‌ನ ಬೆಟ್ಟದ ಮೇಲೆ ಕೂರಿಸಿ, ಮಾಂತ್ರಿಕರಲ್ಲದವರಿಗೆ ಬ್ರಿಟನ್ನಿನಲ್ಲಿ ಹೇಳುವ ಮಗಲ್ ಎಂಬಲ್ಲಿ ಅಮೆರಿಕದ ನೋ-ಮ್ಯಾಜ್ ಎಂದು ತಿದ್ದಿ, ಕಥೆ ಮುಂದುವರಿಸುತ್ತಾರೆ. ಮೂರನೇ ಅಧ್ಯಾಯಕ್ಕೆ ಗಾಳಿ ಹೋಗುತ್ತದೆ. ಅಮೆರಿಕದ ಮಾಂತ್ರಿಕ ಜಗತ್ತು ಬೇರೆಯಾಗಿರುವುದು ಬೆಟ್ಟದಿಂದಲ್ಲ, ಪ್ರಾಣಿಗಳಿಂದಲೂ ಅಲ್ಲ. ಅಲ್ಲಿ ಒಂದು ಕಾನೂನಿತ್ತು. ಮಾಂತ್ರಿಕರು ಮತ್ತು ಮಾಂತ್ರಿಕರಲ್ಲದವರ ನಡುವೆ ಅದು 175 ವರ್ಷ ಗೋಡೆ ಎಬ್ಬಿಸಿತ್ತು. ನಿಮ್ಮ ಕಥೆ ಆ ಗೋಡೆಯ ಯಾವ ಬದಿಯಲ್ಲಿ, ಯಾವ ವರ್ಷದಲ್ಲಿ ನಿಂತಿದೆ ಎಂಬುದೇ ಮೊದಲ ಪ್ರಶ್ನೆ.

ಹಂತ 1: ವರ್ಷ ಮೊದಲು, ಪಾತ್ರ ಆಮೇಲೆ

ಹಾಳೆಯ ಮೇಲ್ತುದಿಯಲ್ಲಿ ಒಂದು ಇಸವಿ ಬರೆಯಿರಿ. ಅದನ್ನು ಬರೆಯದೆ ನಾಯಕಿಗೆ ಹೆಸರಿಡಬೇಡಿ. ಕಥೆಗೆ ಆಧಾರವಾಗಬಲ್ಲ ಕಾಲಘಟ್ಟಗಳು ಇವು.

1692–93. ಸೇಲಂ ವಿಚಾರಣೆಗಳ ಕಾಲ. ಹೊಸಬರು ಎಡವುವುದು ಇಲ್ಲೇ: ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. 19 ಜನರನ್ನು ನೇಣಿಗೇರಿಸಿದರು, 14 ಹೆಂಗಸರು, 5 ಗಂಡಸರು. ಗೈಲ್ಸ್ ಕೋರಿ ಎಂಬ ಮುದುಕನನ್ನು ಕಲ್ಲು ಹೇರಿ ಕೊಂದರು. ಕೆಲವರು ಜೈಲಿನಲ್ಲೇ ಸತ್ತರು. ಚಿತೆ, ಜ್ವಾಲೆ, ಕಂಬಕ್ಕೆ ಕಟ್ಟಿದ ಹೆಂಗಸು, ಇವೆಲ್ಲ ಯುರೋಪಿನ ಚಿತ್ರಗಳು. ಗಲ್ಲುಗಳು ನಡೆದದ್ದು 1692ರ ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಆದ್ದರಿಂದ ಹಿಮ ಬೀಳುವ ಗಲ್ಲಿನ ದೃಶ್ಯವನ್ನೂ ಬಿಟ್ಟುಬಿಡಿ. ಆಗ ‘ಸೇಲಂ ವಿಲೇಜ್’ ಎನಿಸಿದ್ದು ಈಗಿನ ಡ್ಯಾನ್ವರ್ಸ್ ಊರು. ರೋಲಿಂಗ್ ಪ್ರಕಾರ ಸತ್ತವರಲ್ಲಿ ಕೆಲವರು ನಿಜವಾದ ಮಂತ್ರಗಾತಿಯರು, ಉಳಿದವರು ಪಾಪದ ಸಾಮಾನ್ಯರು. ನ್ಯಾಯಾಧೀಶರಲ್ಲಿ ಇಬ್ಬರಾದರೂ ‘ಸ್ಕೌರರ್’ಗಳು, ಅಂದರೆ ಹಣಕ್ಕಾಗಿ ಸ್ವಂತ ಜನರನ್ನೇ ಬೇಟೆಯಾಡುತ್ತಿದ್ದ ಮಾಂತ್ರಿಕರು. ಇದರ ಬೆನ್ನಿಗೇ 1693ರಲ್ಲಿ ಅಮೆರಿಕದ ಮಾಂತ್ರಿಕ ಕಾಂಗ್ರೆಸ್ ಆದ ಮಕೂಸಾ ಹುಟ್ಟಿತು.

1790. ಮಕೂಸಾದ ಖಜಾನೆ ನೋಡಿಕೊಳ್ಳುತ್ತಿದ್ದ ಅರಿಸ್ಟಾಟಲ್ ಟ್ವೆಲ್ವ್‌ಟ್ರೀಸ್‌ನ ಮಗಳು ಡಾರ್ಕಸ್, ಬಾರ್ಥಲೋಮ್ಯೂ ಬೇರ್‌ಬೋನ್ ಎಂಬ ನೋ-ಮ್ಯಾಜ್‌ನ ಮೋಹಕ್ಕೆ ಬಿದ್ದು ಎಲ್ಲ ಗುಟ್ಟನ್ನೂ ಬಾಯಿಬಿಟ್ಟಳು. ಅವನೋ ಸ್ಕೌರರ್ ವಂಶದವನು. ಪರಿಣಾಮ, ಮಕೂಸಾ ಅಧ್ಯಕ್ಷೆ ಎಮಿಲಿ ರಾಪಪೋರ್ಟ್ ತಂದ, ಆ ಗೋಡೆ ಎಬ್ಬಿಸಿದ ಕಾನೂನು.

1926. ಚಿತ್ರದ ಕಾಲ. ಪಾನನಿಷೇಧ 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಜಾರಿಯಲ್ಲಿತ್ತು. ಅದು ಮಾಂತ್ರಿಕರಿಗೆ ಅನ್ವಯಿಸದು. ಕೇಳಲು ಸಣ್ಣ ವಿಷಯ. ಆದರೆ ಬೀದಿಯೆಲ್ಲ ಒಣಗಿರುವಾಗ ಒಬ್ಬನ ಬಾಯಿಂದ ಮಾತ್ರ ವಾಸನೆ ಬಂದರೆ ಪೊಲೀಸರ ಕಣ್ಣು ಅವನ ಮೇಲೇ. ಇಂಥ ಎಳೆಯಿಂದ ಒಂದಿಡೀ ಅಧ್ಯಾಯ ತೆಗೆಯಬಹುದು.

1965. ರಾಪಪೋರ್ಟ್ ಕಾನೂನು ರದ್ದಾದ ವರ್ಷ. ಯಾವ ತಿಂಗಳೆಂದು ಮೂಲದಲ್ಲಿಲ್ಲ, ಹಾಗಾಗಿ ಅದು ನಿಮ್ಮ ಕೈಯಲ್ಲಿದೆ. ಕನ್ನಡದಲ್ಲಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ವರ್ಷ ಇನ್ನೊಂದಿಲ್ಲ. ಅದೇ 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸ್ವಾತಂತ್ರ್ಯದೇವಿ ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಅಲ್ಲಿಯವರೆಗೆ ಭಾರತಕ್ಕಿದ್ದ ವಲಸೆ ಕೋಟಾ, 1946ರ ಕಾನೂನಿನಂತೆ, ವರ್ಷಕ್ಕೆ 100. ಹೀಗೆ ಒಂದೇ ವರ್ಷದಲ್ಲಿ ಎರಡು ಬಾಗಿಲು ತೆರೆದವು, ಒಂದು ಮಾಂತ್ರಿಕರದ್ದು, ಇನ್ನೊಂದು ನಮ್ಮವರದ್ದು. ಇದು ಕಾಕತಾಳೀಯವೇ ಇರಬಹುದು. ಆದರೂ ಕಥೆಗಾರ ಬಿಡುವಂಥ ಕಾಕತಾಳೀಯವಲ್ಲ.

1926ರ ಕಥೆಯಲ್ಲಿ ಧಾರವಾಡದ ಹುಡುಗನೊಬ್ಬ ನ್ಯೂಯಾರ್ಕ್‌ನ ಪ್ರಜೆಯಾಗಿ ಓಡಾಡುವುದು ಕಷ್ಟ. 1917ರ ಕಾನೂನು ಏಷ್ಯಾದ ಬಹುಪಾಲನ್ನು ಹೊರಗಿಟ್ಟಿತ್ತು. 1923ರಲ್ಲಿ ಭಗತ್ ಸಿಂಗ್ ತಿಂದ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಹಡಗಿನ ಕೂಲಿಯಾಗಿಯೋ ವಿದ್ಯಾರ್ಥಿಯಾಗಿಯೋ ತರಬಹುದು, ಆದರೆ ಆ ಭಯವನ್ನೂ ಜೊತೆಗೇ ತನ್ನಿ.

ಹಂತ 2: ಕಾನೂನನ್ನು ಅಡುಗೆಮನೆಗೆ ತನ್ನಿ

ರಾಪಪೋರ್ಟ್ ಕಾನೂನಿನ ಪ್ರಕಾರ ನೋ-ಮ್ಯಾಜ್‌ಗಳ ಜೊತೆ ಸ್ನೇಹವಿಲ್ಲ, ಮದುವೆಯಂತೂ ಇಲ್ಲವೇ ಇಲ್ಲ. ದಿನನಿತ್ಯದ ವ್ಯವಹಾರಕ್ಕೆ ಎಷ್ಟು ಬೇಕೋ ಅಷ್ಟೇ ಮಾತು. ಮಂತ್ರದಂಡಕ್ಕೆ ಪರವಾನಗಿ. ಇಲ್ವರ್‌ಮೋರ್ನಿಗೆ ಬರುವವರೆಗೆ ಮಗುವಿನ ಕೈಗೆ ದಂಡವಿಲ್ಲ, ರಜೆಗೆ ಮನೆಗೆ ಹೋಗುವಾಗ ಅದನ್ನು ಶಾಲೆಯಲ್ಲೇ ಬಿಟ್ಟು ಹೋಗಬೇಕು. 17 ತುಂಬಿದ ಮೇಲಷ್ಟೇ ಹೊರಗೆ ಒಯ್ಯಲು ಅನುಮತಿ.

ಇದನ್ನು ಇತಿಹಾಸದ ಪಾಠದಂತೆ ಮೊದಲ ಪುಟದಲ್ಲಿ ಸುರಿಯಬೇಡಿ. ಪರಿಣಾಮಗಳ ಪಟ್ಟಿ ಮಾಡಿ. ಪಕ್ಕದ ಮನೆಯವಳು ಸಕ್ಕರೆ ಕೇಳಲು ಬಂದರೆ ಬಾಗಿಲು ಎಷ್ಟು ತೆರೆಯಬೇಕು? ಪಾತ್ರೆ ವಾಪಸು ಕೊಡಲು ಹೋದರೆ ಅದು ವ್ಯವಹಾರವೋ, ಸ್ನೇಹವೋ? ಬೇಸಿಗೆ ರಜೆಯಲ್ಲಿ ದಂಡವಿಲ್ಲದ ಹದಿನಾರರ ಹುಡುಗಿ ಕಳ್ಳನನ್ನು ಎದುರಿಸುವುದು ಹೇಗೆ? ಹಾಗ್ವರ್ಟ್ಸ್ ಮಗುವಿನ ಬಳಿ ರಜೆಯಲ್ಲೂ ದಂಡವಿರುತ್ತದೆ, ಬಳಸುವಂತಿಲ್ಲ ಅಷ್ಟೇ. ಇಲ್ಲಿ ದಂಡವೇ ಇಲ್ಲ. ಈ ಒಂದು ವ್ಯತ್ಯಾಸ ಸಾಹಸ ದೃಶ್ಯದ ನಡೆಯನ್ನೇ ಬದಲಿಸುತ್ತದೆ.

ಬ್ರಿಟನ್ನಿನ ಮಾಂತ್ರಿಕ ಸಚಿವಾಲಯ ಅಲ್ಲಿನ ಪ್ರಧಾನಿಯ ಜೊತೆ ಗುಟ್ಟಾಗಿ ಮಾತಾಡುತ್ತದೆ, ಮಕೂಸಾ ಶ್ವೇತಭವನದ ಜೊತೆ ಮಾತಾಡುವುದಿಲ್ಲ. ‘ಅಧ್ಯಕ್ಷರಿಗೆ ಸುದ್ದಿ ಮುಟ್ಟಿಸಿ’ ಎಂಬ ಸಾಲು ನಿಮ್ಮ ಕಥೆಯಲ್ಲಿ ಬಂದಿದ್ದರೆ ಅಳಿಸಿ.

ಇನ್ನು ಈ ಜಗತ್ತಿನ ಅತಿ ದೊಡ್ಡ ವ್ಯಂಗ್ಯ. ಶಾಲೆ ಕಟ್ಟಿದವಳು ಐಸೋಲ್ಟ್ ಸೇಯರ್ ಎಂಬ ಐರಿಷ್ ಮೂಲದ ಮಂತ್ರಗಾತಿ, 1620ರ ಮೇಫ್ಲವರ್ ಹಡಗಿನಲ್ಲಿ ಗಂಡುವೇಷ ಹಾಕಿ ಬಂದವಳು. ಅವಳ ಜೊತೆಗೂಡಿ ಕಲ್ಲು ಕಟ್ಟಿದ ಗಂಡ ಜೇಮ್ಸ್ ಸ್ಟೀವರ್ಡ್ ಮಂತ್ರದ ಗಂಧಗಾಳಿಯಿಲ್ಲದ ನೋ-ಮ್ಯಾಜ್. ಅವರಿಬ್ಬರ ಪ್ರತಿಮೆಗಳು ಶಾಲೆಯ ಮುಂಬಾಗಿಲ ಎರಡೂ ಬದಿಗಿವೆ. ಅಂದರೆ 1790ರಿಂದ 1965ರವರೆಗೆ ಮಕ್ಕಳು ದಿನಾ ಆ ಬಾಗಿಲಲ್ಲಿ ಓಡಾಡುತ್ತ, ಅಂಥ ಮದುವೆ ಅಪರಾಧ ಎಂದು ಒಳಗೆ ಕಲಿಯುತ್ತಿದ್ದರು! ಯಾವ ಮಾಸ್ತರು ಇದನ್ನು ಹೇಗೆ ವಿವರಿಸಿದ? ಯಾವ ತುಂಟ ಎದ್ದು ನಿಂತು ಕೇಳಿದ? ಇಷ್ಟರಲ್ಲೇ ಒಂದು ಒಳ್ಳೆಯ ಸಣ್ಣಕಥೆಯಿದೆ.

ನೋ-ಮ್ಯಾಜ್ ಮನೆಯಲ್ಲಿ ಮಾಂತ್ರಿಕ ಮಗು ಹುಟ್ಟಿದರೆ? ಹುಟ್ಟುತ್ತಿದ್ದವು ಎಂಬುದು ಖಚಿತ. ಪ್ರಸಿದ್ಧ ದಂಡತಯಾರಕ ಯೋಹಾನೆಸ್ ಜಾಂಕರ್‌ನ ತಂದೆ ಮರಗೆಲಸದ ನೋ-ಮ್ಯಾಜ್. ಕಾನೂನಿನಡಿ ಆ ತಂದೆ-ತಾಯಿಗೆ ಏನು ಹೇಳುತ್ತಿದ್ದರು ಎಂಬ ಜಾಗ ತೆರೆದಿದೆ. ಸ್ಮೃತಿ ಅಳಿಸುತ್ತಿದ್ದರೇ? ಪ್ರಮಾಣ ಮಾಡಿಸುತ್ತಿದ್ದರೇ? ನಿಮ್ಮ ಉತ್ತರ ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ, ಕೊನೆಯವರೆಗೆ ಅದನ್ನು ಮುರಿಯಬೇಡಿ.

ಹಂತ 3: ಬೆಟ್ಟವನ್ನು ಸರಿಯಾಗಿ ಕಟ್ಟಿ

ಇಲ್ವರ್‌ಮೋರ್ನಿ ಇರುವುದು ಮೌಂಟ್ ಗ್ರೇಲಾಕ್ ಮೇಲೆ. ಇದು ನಿಜವಾದ ಬೆಟ್ಟ, ಮ್ಯಾಸಚೂಸೆಟ್ಸ್‌ನ ವಾಯವ್ಯ ಮೂಲೆಯಲ್ಲಿದೆ, 3,491 ಅಡಿ ಎತ್ತರ, ಆ ರಾಜ್ಯದಲ್ಲೇ ಅತಿ ಎತ್ತರದ್ದು. ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕಿಂತ ತುಸು ಹೆಚ್ಚು. ಹಾಗಾಗಿ ‘ಆಕಾಶ ಚುಚ್ಚುವ ಶಿಖರ’ ಬೇಡ. ಗ್ರೇಲಾಕ್‌ನ ಗುಣ ಎತ್ತರವಲ್ಲ, ಮೋಡ ಮತ್ತು ಚಳಿ. ತಪ್ಪಲಲ್ಲಿ ಮೇಪಲ್, ಬೀಚ್, ಹಳದಿ ಬರ್ಚ್. ತುದಿಗೆ ಹೋದಂತೆ ಬಾಲ್ಸಮ್ ಫರ್, ಕೆಂಪು ಸ್ಪ್ರೂಸ್. ಎಲೆ ಕೆಂಪಾಗುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಮೇಪಲ್ ರಸ ಇಳಿಸುವುದು ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದ ಸುಮಾರಿಗೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ. 1 ಗ್ಯಾಲನ್ ಪಾಕಕ್ಕೆ ಸುಮಾರು 40 ಗ್ಯಾಲನ್ ರಸ ಬೇಕು. ಪಾಕಶಾಸ್ತ್ರವೋ ಪಾನಕಶಾಸ್ತ್ರವೋ ಕಲಿಸುವ ಮೇಷ್ಟರಿಗೆ ಇಂಥ ಲೆಕ್ಕ ಚಿನ್ನದಂಥದ್ದು.

ಬೆಟ್ಟದ ತುದಿಯಲ್ಲಿರುವ ಕಲ್ಲಿನ ಯುದ್ಧಸ್ಮಾರಕ ಗೋಪುರ ಎದ್ದದ್ದು 1930ರ ದಶಕದ ಆರಂಭದಲ್ಲಿ. 1926ರ ಕಥೆಯಲ್ಲಿ ಅದು ಕಾಣಬಾರದು.

ಮಕ್ಕಳು ಶಾಲೆಗೆ ಬರುವುದು ಹೇಗೆ? ಹಾಗ್ವರ್ಟ್ಸ್‌ಗೆ ಇರುವಂಥ ಕಡುಗೆಂಪು ರೈಲೊಂದನ್ನು ತಂದು ನಿಲ್ಲಿಸುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಗ್ರೇಲಾಕ್‌ನ ಪಕ್ಕದಲ್ಲೇ, ನಾರ್ತ್ ಆಡಮ್ಸ್ ಊರಿನ ಹತ್ತಿರ, ಹೂಸಾಕ್ ರೈಲು ಸುರಂಗವಿದೆ. 4.75 ಮೈಲಿ ಉದ್ದ. 1851ರಲ್ಲಿ ಶುರುವಾದ ಕೆಲಸ 1875ರಲ್ಲಿ ಮುಗಿಯಿತು, ನೂರಕ್ಕೂ ಹೆಚ್ಚು ಕೆಲಸಗಾರರು ಸತ್ತರು, ಜನ ಅದನ್ನು ‘ರಕ್ತದ ಹೊಂಡ’ ಎಂದು ಕರೆದರು. ಮಾಂತ್ರಿಕರ ಬೆಟ್ಟದ ಬುಡದಲ್ಲಿ ನೋ-ಮ್ಯಾಜ್‌ಗಳು 24 ವರ್ಷ ಬಂಡೆ ಸಿಡಿಸುತ್ತಿದ್ದರೆ ಮೇಲಿನ ಶಾಲೆಯಲ್ಲಿ ಏನಾಗುತ್ತಿತ್ತು? ಸಿದ್ಧ ಕಥೆ ಇದು, ಯಾರೂ ಮುಟ್ಟದೆ ಬಿದ್ದಿದೆ ಎನ್ನಬೇಕು. ಒಂದು ಎಚ್ಚರ: 1911ರಿಂದ 1946ರವರೆಗೆ ಸುರಂಗದೊಳಗೆ ರೈಲುಗಳನ್ನು ಎಳೆದದ್ದು ವಿದ್ಯುತ್ ಎಂಜಿನ್‌ಗಳು. 1926ರಲ್ಲಿ ಸುರಂಗದ ತುಂಬ ದಟ್ಟ ಹೊಗೆ ತುಂಬಿಸಿದರೆ ರೈಲು ಹುಚ್ಚಿನ ಓದುಗ ಬಿಡುವುದಿಲ್ಲ.

ಮಕ್ಕಳನ್ನು ಶಾಲೆಯ ನಾಲ್ಕು ಬಣಗಳಿಗೆ ಹಂಚುವ ವಿಂಗಡಣೆಯಲ್ಲಿ ಹಾಗ್ವರ್ಟ್ಸ್‌ನಂತೆ ಮಾತಾಡುವ ಟೋಪಿಯಿಲ್ಲ. ಮಗು ಗೋಲ ಸಭಾಂಗಣದ ನೆಲದಲ್ಲಿ ಕೆತ್ತಿದ ಗೋರ್ಡಿಯನ್ ಗಂಟಿನ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಸುತ್ತಲಿನ, ಆ ಬಣಗಳ ಲಾಂಛನಜೀವಿಗಳ ನಾಲ್ಕು ಮರದ ಕೆತ್ತನೆಗಳಲ್ಲಿ ಒಂದು ಒಪ್ಪಿಗೆ ಸೂಚಿಸಬೇಕು: ಹಾರ್ನ್ಡ್ ಸರ್ಪೆಂಟ್‌ನ ಹಣೆಯ ಹರಳು ಬೆಳಗುತ್ತದೆ, ವಾಂಪಸ್ ಘರ್ಜಿಸುತ್ತದೆ, ಥಂಡರ್‌ಬರ್ಡ್ ರೆಕ್ಕೆ ಬಡಿಯುತ್ತದೆ, ಪಕ್‌ವಜಿ ಬಾಣ ಎತ್ತುತ್ತದೆ. ಒಂದಕ್ಕಿಂತ ಹೆಚ್ಚು ಎಚ್ಚೆತ್ತರೆ ಆಯ್ಕೆ ಮಗುವಿನದ್ದು. ನಾಲ್ಕೂ ಕರೆಯುವುದು ದಶಕಕ್ಕೊಮ್ಮೆ ಆದೀತು, ಆದ್ದರಿಂದಲೇ ನಿಮ್ಮ ನಾಯಕಿಗೆ ಅದನ್ನು ಕೊಡಬೇಡಿ. ಎರಡು ಕರೆದಾಗ ತಪ್ಪಾದದ್ದನ್ನು ಆರಿಸಿಕೊಂಡ ಹುಡುಗಿ, ನಾಲ್ಕೂ ಕರೆದ ಹುಡುಗಿಗಿಂತ ಹತ್ತುಪಟ್ಟು ಸ್ವಾರಸ್ಯ. ಸಮವಸ್ತ್ರ ನೀಲಿ ಮತ್ತು ಕ್ರ್ಯಾನ್‌ಬೆರಿ ಕೆಂಪು. ಆಟ ಬೇಕಿದ್ದರೆ ಕ್ವಾಡ್‌ಪಾಟ್: ತಂಡಕ್ಕೆ 11 ಜನ, ಗುರಿ ಮುಟ್ಟಿಸುವ ಮೊದಲೇ ಚೆಂಡು ಸಿಡಿದರೆ ಕೈಯಲ್ಲಿ ಹಿಡಿದವನು ಹೊರಗೆ. ನಾಣ್ಯ ಡ್ರಾಗಟ್.

ದಂಡಕ್ಕೆ ಮರ ಆರಿಸುವಾಗಲೂ ಇಸವಿ ನೋಡಿ. ಅಮೆರಿಕನ್ ಚೆಸ್ಟ್‌ನಟ್ ಮರಕ್ಕೆ ತಗಲಿದ ಶಿಲೀಂಧ್ರ ರೋಗ 1904ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಪತ್ತೆಯಾಯಿತು. ಮುಂದಿನ ಕೆಲವೇ ದಶಕಗಳಲ್ಲಿ ಪೂರ್ವದ ಕಾಡುಗಳ ಕೋಟಿಗಟ್ಟಲೆ ಮರಗಳು ನಿಂತಲ್ಲೇ ಸತ್ತವು. 1926ರ ಮಗುವಿನ ಕೈಯಲ್ಲಿ ಚೆಸ್ಟ್‌ನಟ್ ದಂಡವಿದ್ದರೆ ಅದರ ಮರ ಅಳಿವಿನಂಚಿನದ್ದು. ದಂಡ ಮಾರುವವನಿಗೆ ಆ ಸಾಲನ್ನು ಒಮ್ಮೆ ಹೇಳಲು ಬಿಡಿ, ಸಾಕು.

ಹಂತ 4: ಮೂಲದ ಬಿರುಕುಗಳನ್ನು ಬಳಸಿಕೊಳ್ಳಿ

ಮೂಲ ಬರಹದ ಪ್ರಕಾರ, ಕ್ರಾಂತಿಯುದ್ಧದಲ್ಲಿ ಕೈಹಾಕಬೇಕೇ ಬೇಡವೇ ಎಂಬ ಮಕೂಸಾದ ದೊಡ್ಡ ಚರ್ಚೆ 1777ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆಯಿತು. ಆ ನಗರಕ್ಕೆ ಜಾಗ ಗೊತ್ತುಮಾಡುವ ಕಾನೂನು ಬಂದದ್ದೇ 1790ರಲ್ಲಿ. 1892ರಲ್ಲಿ ಸ್ಯಾಸ್ಕ್ವಾಚ್‌ಗಳ ದಂಗೆಯಿಂದಾಗಿ ಮಕೂಸಾ ನ್ಯೂಯಾರ್ಕ್‌ಗೆ ಹೋಯಿತು, ಚಿತ್ರದಲ್ಲಿ ಅದರ ಕಚೇರಿ ವುಲ್‌ವರ್ತ್ ಕಟ್ಟಡದೊಳಗೆ. 792 ಅಡಿಯ ಆ ಕಟ್ಟಡ ತೆರೆದದ್ದು 1913ರಲ್ಲಿ. ಹಾಗಾದರೆ ನಡುವಿನ 21 ವರ್ಷ ಕಚೇರಿ ಎಲ್ಲಿತ್ತು?

ಇದನ್ನು ತಪ್ಪು ಎಂದು ಗೇಲಿ ಮಾಡಿ ಬಿಡುವವರಿದ್ದಾರೆ. ಲಾಭ ಅದರಲ್ಲಿಲ್ಲ. ನೋ-ಮ್ಯಾಜ್‌ಗಳಿಗಿಂತ ಮೊದಲೇ ಪೊಟೋಮ್ಯಾಕ್ ನದಿಯ ಜೌಗಿನಲ್ಲಿ ಮಾಂತ್ರಿಕರು ಬೀಡುಬಿಟ್ಟಿದ್ದರೆ? 1913ರ ಕಟ್ಟಡದ ನೀಲನಕ್ಷೆಯಲ್ಲಿ ಯಾರೋ ಮಹಡಿಗಳನ್ನು ಬಚ್ಚಿಟ್ಟಿದ್ದರೆ? ಬಿರುಕು ಸಿಕ್ಕಲ್ಲೆಲ್ಲ ಒಂದು ವಾಕ್ಯದ ವಿವರಣೆ ಕೊಡಿ, ಒಂದು ಪುಟದ್ದು ಬೇಡ.

1752ಕ್ಕೆ ಮೊದಲಿನ ದಿನಾಂಕ ಬಳಸುವವರಿಗೆ: ಬ್ರಿಟಿಷ್ ವಸಾಹತುಗಳಲ್ಲಿ ಆಗ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವೇ 14. ಕಳೆದುಹೋದ ಆ 11 ದಿನಗಳನ್ನು ಫ್ಯಾಂಟಸಿ ಬರೆಯುವವರು ಬಿಟ್ಟರೆ ಮತ್ತ್ಯಾರು ಹುಡುಕಬೇಕು?

ಹಂತ 5: ಮೂಲನಿವಾಸಿಗಳ ವಿಷಯದಲ್ಲಿ ಕೈ ಬಿಗಿಹಿಡಿಯಿರಿ

ಹೆಚ್ಚು ಕಥೆಗಳು ಕೆಡುವುದು ಇಲ್ಲಿ. ಮೂಲ ಬರಹಕ್ಕೆ 2016ರಲ್ಲೇ ಮೂಲನಿವಾಸಿ ವಿದ್ವಾಂಸರಿಂದ ತೀವ್ರ ಆಕ್ಷೇಪ ಬಂತು. ಚೆರೋಕಿ ಸಮುದಾಯದ ಏಡ್ರಿಯನ್ ಕೀನ್ ಅವರಲ್ಲೊಬ್ಬರು. ನೂರಾರು ಬೇರೆಬೇರೆ ಜನಾಂಗಗಳನ್ನು ಒಂದೇ ಗುಡ್ಡೆ ಹಾಕಿದ್ದು, ಇಂದೂ ಜೀವಂತವಿರುವ ನಂಬಿಕೆಗಳನ್ನು ಕಟ್ಟುಕಥೆಯ ಸಾಮಗ್ರಿ ಮಾಡಿದ್ದು ಆಕ್ಷೇಪದ ಮೂಲ. ಅದರಲ್ಲೂ ನವಾಹೋ ಜನ ಹೊರಗಿನವರ ಮುಂದೆ ಮಾತೇ ಆಡದ, ಪ್ರಾಣಿರೂಪ ತಾಳುವವರೆಂಬ ನಂಬಿಕೆಯ ‘ಸ್ಕಿನ್‌ವಾಕರ್’ ವಿಷಯ. ತುಳುನಾಡಿನ ಪಂಜುರ್ಲಿಯನ್ನು ದೂರದೇಶದವರೊಬ್ಬರು ಹಂದಿರಾಕ್ಷಸ ಎಂದು ಬರೆದು ಹಾಸ್ಟೆಲ್ಲಿಗೆ ಹೆಸರಿಟ್ಟರೆ ನಮಗೆ ಹೇಗಾದೀತು ಎಂದು ಯೋಚಿಸಿದರೆ ವಿಷಯ ತಿಳಿಯುತ್ತದೆ.

ಹೀಗೆ ಮಾಡಿ. ಸ್ಕಿನ್‌ವಾಕರ್ ಬೇಡವೇ ಬೇಡ. ‘ರೆಡ್ ಇಂಡಿಯನ್’ ಎಂಬ ನಮ್ಮ ಹಳೇ ಪಠ್ಯಪುಸ್ತಕದ ಪದವೂ ಬೇಡ. ಪಾತ್ರ ಯಾವ ಜನಾಂಗದ್ದೆಂದು ಹೆಸರಿಸಿ: ಕಡಲತೀರದ ವಾಂಪನಾಗ್, ಗ್ರೇಲಾಕ್ ಸುತ್ತಿನ ಮೊಹಿಕನ್, ಹೀಗೆ. ಮೊಹಿಕನ್ನರು ಅಲ್ಲಿಂದ ಹಂತಹಂತವಾಗಿ ದೂರ ಸರಿಸಲ್ಪಟ್ಟು ಇಂದು ವಿಸ್ಕಾನ್ಸಿನ್‌ನಲ್ಲಿ ಸ್ಟಾಕ್‌ಬ್ರಿಜ್-ಮನ್ಸಿ ಸಮುದಾಯವಾಗಿ ಇದ್ದಾರೆ. ‘ಅಳಿದುಹೋದ ಜನ’ ಎಂದು ಬರೆದರೆ ಸುಳ್ಳು. ಆಚರಣೆ, ಹಾಡು, ಪ್ರಾರ್ಥನೆಗಳನ್ನು ನೀವೇ ಹುಟ್ಟಿಸಬೇಡಿ.

ಮೂಲದ ಪ್ರಕಾರ ದಂಡ ಯುರೋಪಿನಿಂದ ಬಂದದ್ದು, ಇಲ್ಲಿನವರು ದಂಡವಿಲ್ಲದೆಯೇ ಮಂತ್ರ ನಡೆಸುತ್ತಿದ್ದರು. ಇದನ್ನು ಇತಿಹಾಸದ ಪಕ್ಕದಲ್ಲಿಟ್ಟು ನೋಡಿ. 1879ರಿಂದ 1918ರವರೆಗೆ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಸರ್ಕಾರದ ವಸತಿಶಾಲೆಯೊಂದಿತ್ತು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ತಂದು, ಕೂದಲು ಕತ್ತರಿಸಿ, ಭಾಷೆ ಬಿಡಿಸಿ, ಹೆಸರು ಬದಲಿಸುತ್ತಿದ್ದರು. 1890ರಲ್ಲಿ ವಾಂಪನಾಗ್ ತಾಯಿಯೊಬ್ಬಳ ಮುಂದೆ ‘ನಿಮ್ಮ ಮಗಳು ನಮ್ಮ ವಸತಿಶಾಲೆಗೆ ಆಯ್ಕೆಯಾಗಿದ್ದಾಳೆ, ಅಲ್ಲಿ ದಂಡ ಹಿಡಿಯಲು ಕಲಿಸುತ್ತೇವೆ’ ಎಂಬ ಪತ್ರ ಬಂದರೆ ಅವಳು ಸಂಭ್ರಮಿಸುವುದಿಲ್ಲ. ಬಾಗಿಲು ಹಾಕುತ್ತಾಳೆ.

ಹಂತ 6: ಮಂತ್ರದಿಂದ ಬಗೆಹರಿಯದ ಸಮಸ್ಯೆ ಹುಡುಕಿ

ಒಂದು ಮಾದರಿ ಕಟ್ಟೋಣ. ಇಸವಿ 1966. ಸ್ಥಳ ವರ್ಜೀನಿಯಾ. ಹೆಲೆನ್ ಬಿಳಿಯ ಮಂತ್ರಗಾತಿ, ಮಕೂಸಾದ ದಂಡ ಪರವಾನಗಿ ಗುಮಾಸ್ತೆ. ಶ್ರೀನಿವಾಸ ಮೈಸೂರು ರಾಜ್ಯದಿಂದ ಎಂಜಿನಿಯರಿಂಗ್ ಓದಲು ಬಂದ ನೋ-ಮ್ಯಾಜ್. ಮೈಸೂರು ರಾಜ್ಯ ಎಂದೇ ಬರೆಯಬೇಕು, ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ.

ರಾಪಪೋರ್ಟ್ ಕಾನೂನು ಹೋಗಿದೆ, ಮಕೂಸಾ ಅಡ್ಡಿಯಿಲ್ಲ ಎನ್ನುತ್ತದೆ. ಅಡ್ಡಿ ಮಾಡುವುದು ವರ್ಜೀನಿಯಾ. 1924ರ ಅಲ್ಲಿನ ಕಾನೂನಿನಡಿ ಬಿಳಿಯರು ಬಿಳಿಯರಲ್ಲದವರನ್ನು ಮದುವೆಯಾಗುವಂತಿಲ್ಲ. ಹೊರಗೆ ಹೋಗಿ ಮದುವೆಯಾಗಿ ಹಿಂದಿರುಗಿದರೂ ಅಪರಾಧ. ಲವಿಂಗ್ ದಂಪತಿ 1958ರಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಬಂದು ಬಂಧನಕ್ಕೊಳಗಾದದ್ದು ಹೀಗೆಯೇ. ಸುಪ್ರೀಂ ಕೋರ್ಟ್ ಇಂಥ ಕಾನೂನುಗಳನ್ನು ತಳ್ಳಿಹಾಕಿದ್ದು 1967ರ ಜೂನ್ 12ರಂದು. ಆಗಲೂ 16 ರಾಜ್ಯಗಳಲ್ಲಿ ಅವು ಇದ್ದವು.

ಹೆಲೆನ್ ಕಣ್ಣುಮುಚ್ಚಿ ಬಿಡುವುದರೊಳಗೆ ವಾಷಿಂಗ್ಟನ್‌ನಲ್ಲಿ ಪ್ರತ್ಯಕ್ಷಳಾಗಬಲ್ಲಳು. ಆದರೆ ವಾಪಸು ಬಂದು ಬದುಕುವುದೇ ಅಪರಾಧವಾದಾಗ ಆ ವಿದ್ಯೆ ಏನು ಮಾಡೀತು? ನೋಂದಣಿ ಕಚೇರಿಯವನ ಬುದ್ಧಿ ಮಂಕು ಮಾಡಬಹುದು. ಆದರೆ ಅನ್ಯರ ತಲೆಯೊಳಗೆ ಕೈಯಾಡಿಸುವುದು ಹಳೆಯ ಕಾನೂನಿನ ಆಯುಧವಲ್ಲವೇ? ಅವಳು ದಂಡ ಎತ್ತಿ ಇಳಿಸುವ ಆ ಒಂದು ಕ್ಷಣವೇ ಕಥೆಯ ನಡುಗಂಬ.

ಅಳತೆಯ ಲೆಕ್ಕ: 8 ಅಧ್ಯಾಯ, ತಲಾ 900ರಿಂದ 1,100 ಪದ. ಇಂಗ್ಲಿಷ್ ಮಾರ್ಗದರ್ಶಿಗಳು ಹೇಳುವ ಪದಸಂಖ್ಯೆಯನ್ನು ಹಾಗೇ ಹಿಡಿಯಬೇಡಿ. ‘ಹೋಗಬೇಕಾಗಿತ್ತೇನೋ’ ಎಂಬಲ್ಲಿ ಇಂಗ್ಲಿಷಿನ ನಾಲ್ಕೈದು ಪದಗಳು ಒಂದಾಗಿ ಕೂತಿರುತ್ತವೆ. ಅಲ್ಲಿಯ 1,500 ಪದ ಇಲ್ಲಿ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಮೊದಲೆರಡು ಅಧ್ಯಾಯ ಕಚೇರಿ ಮತ್ತು ಪರಿಚಯಕ್ಕೆ. ಮೂರನೆಯದರ ಕೊನೆಗೆ ಗುಟ್ಟು ಬಯಲಾಗಲಿ, ಅದಕ್ಕಿಂತ ತಡವಾದರೆ ಓದುಗ ಕಾಯುವುದಿಲ್ಲ, ಅವನಿಗೆ ಅದು ಮೊದಲೇ ಗೊತ್ತು. ನಾಲ್ಕರಲ್ಲಿ ಊರಿನಿಂದ ನೀಲಿ ಏರೋಗ್ರಾಮ್. ಐದು, ಆರು ನೋಂದಣಿ ಕಚೇರಿಗೆ. ಉಳಿದೆರಡು ವಾಷಿಂಗ್ಟನ್‌ಗೆ ಮತ್ತು ಹಿಂದಿರುಗುವ ದಾರಿಗೆ.

ಹಂತ 7: ಕನ್ನಡದ ತೊಡಕು, ಕನ್ನಡದ ಲಾಭ

‘ಮಾಂತ್ರಿಕ’ ಎಂದೊಡನೆ ನಮ್ಮ ಪತ್ರಿಕೆ ಓದುವವರ ಕಣ್ಣಿಗೆ ಬರುವುದು ನಿಂಬೆಹಣ್ಣು ಹಿಡಿದು ಒಡವೆ ದೋಚಿದವನು. ‘ಮಾಟಗಾತಿ’ ಇನ್ನೂ ಕೆಟ್ಟದ್ದು. ಜಗತ್ತಿಗೆ ‘ಮಾಂತ್ರಿಕ ಜಗತ್ತು’ ಎಂದಿಟ್ಟುಕೊಂಡರೂ ವ್ಯಕ್ತಿಗೆ ‘ಮಂತ್ರಗಾರ’, ‘ಮಂತ್ರಗಾತಿ’ ಎಂದರೆ ಹೊಲಸು ಅಂಟುವುದಿಲ್ಲ. ‘ಮಾಟಗಾತಿ’ಯನ್ನು ಸೇಲಂನ ನ್ಯಾಯಾಧೀಶನ ಬಾಯಿಗೆ ಮೀಸಲಿಡಿ, ಅಲ್ಲಿ ಅದರ ವಿಷವೇ ಬೇಕು. ನೋ-ಮ್ಯಾಜ್, ಮಕೂಸಾ, ಡ್ರಾಗಟ್ ಹಾಗೇ ಇರಲಿ. ‘ಲೂಮೋಸ್’ ಎಂಬುದನ್ನು ‘ಬೆಳಗು’ ಎಂದು ಅನುವಾದಿಸಿದರೆ ಮಂತ್ರ ಆಜ್ಞೆಯಾಗಿಬಿಡುತ್ತದೆ, ಬಲ್ಬಿಗೆ ಹೇಳಿದಂತೆ.

ಅಮೆರಿಕದ ದಕ್ಷಿಣದವರ ಎಳೆದಾಡುವ ಉಚ್ಚಾರಕ್ಕೆ ಹುಬ್ಬಳ್ಳಿ ಕನ್ನಡ ಹಚ್ಚುವುದು ಹಲವರ ಚಪಲ. ಬೇಡ. ಲೂಸಿಯಾನದ ಹುಡುಗ ‘ಹೌದಲ್ರೀ’ ಎಂದೊಡನೆ ಓದುಗನ ಕಣ್ಣಿಗೆ ದುರ್ಗದಬೈಲು ಬರುತ್ತದೆ. ಊರನ್ನು ಊಟದಲ್ಲಿ, ಸಂಬೋಧನೆಯಲ್ಲಿ, ಮಾತಿನ ನಿಧಾನದಲ್ಲಿ ತೋರಿಸಿ.

ಲಾಭ ಇರುವುದು ನೀನು-ನೀವುಗಳಲ್ಲಿ. ಇಂಗ್ಲಿಷ್ ಲೇಖಕನಿಗೆ ಇಲ್ಲದ ಆಯುಧ ಇದು. ಮೊದಲು ಕೆಟ್ಟ ಕರಡು:

‘ಹೆಲೆನ್ ತನ್ನ ದಂಡವನ್ನು ಹೊರತೆಗೆದಳು. ಅವಳ ಹೃದಯ ಅವಳ ಎದೆಯಲ್ಲಿ ಬಡಿಯುತ್ತಿತ್ತು. “ನಾನು ನಿನಗೆ ಏನನ್ನೋ ಹೇಳಬೇಕಾಗಿದೆ,” ಅವಳು ಪಿಸುಗುಟ್ಟಿದಳು. “ನಾನು ಒಬ್ಬ ಮಂತ್ರಗಾತಿ.” ಶ್ರೀನಿವಾಸ ಆಘಾತಕ್ಕೊಳಗಾದನು.’

ಹೃದಯ ಎದೆಯಲ್ಲಲ್ಲದೆ ಮೊಣಕಾಲಲ್ಲಿ ಬಡಿಯುವುದಿಲ್ಲ. ‘ತನ್ನ’, ‘ಅವಳ’, ‘ಒಬ್ಬ’ ಎಲ್ಲವೂ ಇಂಗ್ಲಿಷಿನ ನೆರಳು. ಗುಟ್ಟು ಹೇಳಿಕೆಯಾಗಿ ಬಂದಿದೆ, ಘಟನೆಯಾಗಿಲ್ಲ. ತಿದ್ದಿದ್ದು:

‘ಕಾಫಿ ಆರಿತ್ತು. “ತಡವಾಯಿತು, ನೀವು ಹೊರಡಿ,” ಎಂದಳು ಹೆಲೆನ್. ಶ್ರೀನಿವಾಸ ಲೋಟಕ್ಕೆ ಕೈ ಹಾಕಿದ, ಸರ್ರನೆ ಹಿಂದೆಗೆದ. ಸುಡುತ್ತಿತ್ತು. ಒಲೆ ಆರಿ ಗಂಟೆಯಾಗಿತ್ತು. ಅವನು ಒಲೆ ನೋಡಿದ, ಲೋಟ ನೋಡಿದ, ಮೇಜಿನಡಿ ಅಡಗಿದ ಅವಳ ಬಲಗೈ ನೋಡಿದ. “ಊರಲ್ಲಿ ನಮ್ಮಜ್ಜಿ ಹೀಗೇ ಮಾಡುತ್ತಿದ್ದಳು ಅಂತ ಜನ ಹೇಳುತ್ತಿದ್ದರು,” ಎಂದ. ಬಹಳ ಹೊತ್ತಿನ ಮೇಲೆ ಹೆಲೆನ್ ಕೇಳಿದಳು, “ನೀನು ನಂಬಿದ್ದೆಯಾ?”’

‘ನೀವು’ ಹೋಗಿ ‘ನೀನು’ ಬಂದದ್ದೇ ಇಲ್ಲಿ ಪ್ರೇಮದ ಒಪ್ಪಿಗೆ. ಇಂಥ ತಿರುವು ಇಡೀ ಕಥೆಯಲ್ಲಿ ಒಂದೇ ಸಲ ಬರಲಿ. ಅವರಿಬ್ಬರೂ ಆಡುತ್ತಿರುವುದು ಇಂಗ್ಲಿಷ್, ನಿಜ, ಆದರೆ ಕೇಳಿಸುತ್ತಿರುವುದು ಶ್ರೀನಿವಾಸನ ಕಿವಿಯಲ್ಲಿ ಎಂದುಕೊಂಡರೆ ಸಾಕು. ಅದಕ್ಕಾಗಿ ಈ ಅಧ್ಯಾಯ ಅವನ ದೃಷ್ಟಿಯಲ್ಲೇ ಇರಬೇಕು, ನಡುವೆ ಹೆಲೆನ್‌ಳ ಮನಸ್ಸಿಗೆ ಹಾರಬಾರದು.

ಹಂತ 8: ಹೊರಗೆ ಬಿಡುವ ಮುನ್ನ

ಕರಡನ್ನು ಒಂದು ವಾರ ಮುಟ್ಟಬೇಡಿ. ಆಮೇಲೆ ಮೂರು ಸಲ ಓದಿ: ಒಮ್ಮೆ ಇಸವಿಗಳಿಗೆ, ಒಮ್ಮೆ ನೀನು-ನೀವುಗಳಿಗೆ, ಒಮ್ಮೆ ಗಟ್ಟಿಯಾಗಿ. ಒಬ್ಬ ಓದುಗ ಈ ಜಗತ್ತನ್ನು ಬಲ್ಲವನಿರಲಿ, ಇನ್ನೊಬ್ಬ ಏನೂ ತಿಳಿಯದವನು. ಎರಡನೆಯವನು ಎಲ್ಲಿ ನಿಂತ ಎಂದು ಕೇಳಿ, ಅಲ್ಲಿ ಒಂದು ಸಾಲು ಸೇರಿಸಿ.

ಈ ಬರಹದಿಂದ ಹಣ ಮಾಡಬೇಡಿ, ಓದುಗರಿಂದ ಕಾಣಿಕೆ ಕೇಳುವುದೂ ಬೇಡ. ಪಾತ್ರ ಮತ್ತು ಜಗತ್ತಿನ ಹಕ್ಕು ಇನ್ನೊಬ್ಬರದ್ದು. ಲಾಭವಿಲ್ಲದ ಅಭಿಮಾನಿ ಬರಹಕ್ಕೆ ಸಿಗುವ ಸಹನೆ ಮಾರಾಟಕ್ಕೆ ಸಿಗದು. ಮೂಲದ ವಾಕ್ಯಗಳನ್ನು ಅನುವಾದಿಸಿ ಅಂಟಿಸಬೇಡಿ. 2009ರಿಂದ ನಡೆಯುತ್ತಿರುವ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಅಭಿಮಾನಿ ಬರಹಗಳ ಜಾಲತಾಣ ಸಂಗ್ರಹವೂ ವಾಣಿಜ್ಯ ಪ್ರಚಾರವನ್ನು ಒಪ್ಪುವುದಿಲ್ಲ. ಅಲ್ಲಿ ಹಾಕುವುದಾದರೆ ವಯೋಮಿತಿಯ ದರ್ಜೆ ಕೊಡಿ. ಹಿಂಸೆ, ಮುಖ್ಯ ಪಾತ್ರದ ಸಾವು ಇದ್ದರೆ ಎಚ್ಚರಿಕೆ ಗುರುತು ಹಾಕಿ. ಸೇಲಂ ಕಥೆಗೆ ಎರಡೂ ಬೇಕಾಗುತ್ತವೆ.

ಸಾರಾಂಶವನ್ನು ಎರಡೇ ಸಾಲಿನಲ್ಲಿ ಬರೆಯಿರಿ, ಇಸವಿ ಅದರಲ್ಲಿರಲಿ: ‘1966, ವರ್ಜೀನಿಯಾ. ಮಕೂಸಾ ಒಪ್ಪಿದೆ, ಜಿಲ್ಲಾ ಕಚೇರಿ ಒಪ್ಪಿಲ್ಲ.’